ಕಿರು ವಿಡಿಯೋದ ದುಡಿಮೆ: ಖರ್ಚು, ಪಾಲು, ಫಸಲು

(ಯುವಕ ಮಂಡಲ ಮತ್ತು ಮಹಿಳಾ ಸಮಾಜಗಳ ಸಭೆಯಲ್ಲಿ ಓದಿ ಹೇಳುವುದಕ್ಕೆ)



ಹಳ್ಳಿಗೆ ಹೋದಾಗ ಗ್ರಾಮಸೇವಕನನ್ನು ಜನರು ಸಾಮಾನ್ಯವಾಗಿ ಕೇಳುವುದು ಬೀಜ, ಗೊಬ್ಬರ, ಸಾಲ ಈ ಮೂರರ ಸಂಗತಿ. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ಸಭೆ ಮುಗಿದು ಹೊರಡುವ ಹೊತ್ತಿಗೆ ಯಾರಾದರೊಬ್ಬ ತರುಣನು ಹಿಂದಿನಿಂದ ಬಂದು, "ಸಾರ್, ಫೋನಲ್ಲಿ ಸಣ್ಣ ಸಣ್ಣ ವಿಡಿಯೋ ಮಾಡಿ ಹಾಕಿದರೆ ತಿಂಗಳಿಗೆ ಐವತ್ತು ಸಾವಿರ ಬರ್ತದಂತೆ, ಹೌದಾ?" ಎಂದು ಕೇಳುತ್ತಾನೆ. ಮಹಿಳಾ ಸಮಾಜಗಳಲ್ಲಿಯೂ ಇದೇ ಪ್ರಶ್ನೆ. ದಾರಿಯಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳುವ ವಿಷಯ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹಣ ಬರುವುದು ನಿಜ. ಆದರೆ ಯಾರ ಹಣ, ಯಾವ ಕರಾರಿನ ಮೇಲೆ, ಎಷ್ಟು ದಿನಕ್ಕೆ, ಎಷ್ಟು ಪಾಲು ಎಂಬುದನ್ನು ವಿಚಾರಿಸದೆ ಇದಕ್ಕೆ ಇಳಿಯುವವರೇ ಹೆಚ್ಚು. ಹೊಸ ತಳಿಯ ರಾಗಿಯನ್ನು ಬಿತ್ತುವ ಮುಂಚೆ ಎಕರೆಗೆ ಎಷ್ಟು ಬೀಜ, ಎಷ್ಟು ದಿನದ ಬೆಳೆ, ಮಳೆ ಕೈಕೊಟ್ಟರೆ ಏನು ಗತಿ ಎಂದು ಹತ್ತು ಸಲ ಕೇಳುವ ರೈತರು, ಮಗನಿಗೆ ಮೂವತ್ತು ಸಾವಿರದ ಫೋನು ಕೊಡಿಸುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಆ ಪ್ರಶ್ನೆಗಳನ್ನು ಈಗ ಕೇಳಿಕೊಳ್ಳೋಣ.

ಇದು ಬಂದ ಬಗೆ

ಕಿರು ವಿಡಿಯೋ ಎಂದರೆ ಫೋನನ್ನು ನೆಟ್ಟಗೆ ಹಿಡಿದು ತೆಗೆದ, ಕೆಲವು ಸೆಕೆಂಡಿನಿಂದ ಮೂರು ನಿಮಿಷದವರೆಗಿನ ಚಿತ್ರ. ನೋಡುವವನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಮುಂದಿನದು ಬರುತ್ತದೆ. ನಮ್ಮ ದೇಶದಲ್ಲಿ ಮೊದಲು ಇದನ್ನು ಮನೆಮಾತು ಮಾಡಿದ್ದು ಟಿಕ್‌ಟಾಕ್. 2020ನೆಯ ಇಸವಿ ಜೂನ್ 29ರಂದು ಕೇಂದ್ರ ಸರ್ಕಾರವು ಅದೂ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಮರುತಿಂಗಳು ಇನ್‌ಸ್ಟಾಗ್ರಾಮ್‌ನವರ ರೀಲ್ಸ್ ಭಾರತಕ್ಕೆ ಬಂತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್‌ನವರು ತಮ್ಮ ಶಾರ್ಟ್ಸ್ ಅನ್ನು ಎಲ್ಲಕ್ಕಿಂತ ಮೊದಲು ಭಾರತದಲ್ಲಿಯೇ ಪ್ರಯೋಗಕ್ಕೆ ಬಿಟ್ಟರು. ಮೊದಲು 60 ಸೆಕೆಂಡು ಇದ್ದ ಶಾರ್ಟ್ಸ್‌ನ ಮಿತಿ 2024ರ ಅಕ್ಟೋಬರಿನಿಂದ ಮೂರು ನಿಮಿಷಕ್ಕೆ ಏರಿತು.

ಈ ಚರಿತ್ರೆಯನ್ನು ಹೇಳುವುದಕ್ಕೆ ಕಾರಣವುಂಟು. ಟಿಕ್‌ಟಾಕ್‌ನಲ್ಲಿ ಲಕ್ಷಾಂತರ ಮಂದಿ ಅನುಯಾಯಿಗಳನ್ನು ಕೂಡಿಸಿಕೊಂಡಿದ್ದವರು ನಮ್ಮ ಹಳ್ಳಿಗಳಲ್ಲಿಯೂ ಇದ್ದರು. ಎರಡು ಮೂರು ವರ್ಷ ಕೂಡಿಸಿದ್ದೆಲ್ಲ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ಅವರ ತಪ್ಪು ಏನೂ ಇರಲಿಲ್ಲ. ಹೊಲ ಅವರದಾಗಿರಲಿಲ್ಲ, ಅಷ್ಟೆ. ಯೂಟ್ಯೂಬ್ ಆಗಲಿ ರೀಲ್ಸ್ ಆಗಲಿ, ಭೂಮಿ ಒಡೆಯನದು, ಉಳುವವರು ನಾವು. ಪಾಲಿಗೆ ಮಾಡುವ ಬೇಸಾಯದ ಹಾಗೆ ಇದನ್ನು ಕಾಣಬೇಕು. ಕರಾರನ್ನು ಒಡೆಯನೇ ಬರೆಯುತ್ತಾನೆ, ಬೇಕೆಂದಾಗ ತಿದ್ದುತ್ತಾನೆ.

ಹಣ ಎಲ್ಲಿಂದ, ಎಷ್ಟು?

ನಿಯಮಗಳು ಬಹಿರಂಗವಾಗಿ ಬರೆದಿಟ್ಟಿರುವುದರಿಂದ ಯೂಟ್ಯೂಬ್ ಶಾರ್ಟ್ಸ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಹಣ ಕೊಡುವವನು ನೋಡುಗನಲ್ಲ. ಸೋಪು, ಸಿಮೆಂಟು, ಮೋಟಾರು ಸೈಕಲ್ಲು ಮಾರುವ ಕಂಪನಿಗಳು ಎರಡು ವಿಡಿಯೋಗಳ ನಡುವೆ ತಮ್ಮ ಜಾಹೀರಾತು ತೋರಿಸಲು ಯೂಟ್ಯೂಬಿಗೆ ಹಣ ತೆರುತ್ತವೆ. ಯಾರ ವಿಡಿಯೋದ ಪಕ್ಕ ಯಾವ ಜಾಹೀರಾತು ಬಂತು ಎಂದು ಒಬ್ಬೊಬ್ಬರಿಗೆ ಬೇರೆ ಬೇರೆ ಲೆಕ್ಕವಿಲ್ಲ. ನಮ್ಮ ಹಾಲು ಉತ್ಪಾದಕರ ಸಂಘದಲ್ಲಿ ಎಲ್ಲರ ಹಾಲನ್ನೂ ಒಂದೇ ಕ್ಯಾನಿಗೆ ಸುರಿಯುವಂತೆ, ಆ ತಿಂಗಳ ಜಾಹೀರಾತು ಹಣವೆಲ್ಲ ದೇಶವಾರು ಒಂದು ರಾಶಿಯಾಗಿ ಬೀಳುತ್ತದೆ. ಆ ರಾಶಿಯಿಂದ ಹಾಡುಗಳ ಹಕ್ಕುದಾರರ ಪಾಲು ಮೊದಲು ಹೊರಗೆ ಹೋಗುತ್ತದೆ. ವಿಡಿಯೋದಲ್ಲಿ ಹಾಡಿಲ್ಲದಿದ್ದರೆ ಅದರ ನೋಟಗಳ ಹಣವೆಲ್ಲ ವಿಡಿಯೋ ಮಾಡಿದವರ ರಾಶಿಗೆ. ಒಂದು ಹಾಡಿದ್ದರೆ ಅರ್ಧ ಹಾಡಿನವರಿಗೆ. ಎರಡು ಹಾಡಿದ್ದರೆ ಮೂರರಲ್ಲಿ ಎರಡು ಪಾಲು ಹಾಡಿನವರಿಗೆ. ಉಳಿದ ರಾಶಿಯನ್ನು ಯಾರ ವಿಡಿಯೋ ಎಷ್ಟು ನೋಟ ಪಡೆಯಿತು ಎಂಬುದರ ಮೇಲೆ ಭಾಗ ಮಾಡುತ್ತಾರೆ. ಹಾಗೆ ನಿಮ್ಮ ಹೆಸರಿಗೆ ಬಂದ ಭಾಗದಲ್ಲಿ ನೂರಕ್ಕೆ 45 ನಿಮಗೆ, 55 ಯೂಟ್ಯೂಬಿಗೆ. ಈ ಪದ್ಧತಿ 2023ರ ಫೆಬ್ರವರಿ 1ರಿಂದ ನಡೆದುಬಂದಿದೆ.

ಡೇರಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ಡೇರಿಯಲ್ಲಿ ಫ್ಯಾಟ್ ನೋಡಿ ದರ ಕೊಡುತ್ತಾರೆ. ಇಲ್ಲಿ ಗಟ್ಟಿ ಹಾಲಿಗೂ ನೀರು ಹಾಲಿಗೂ ಅಳತೆ ಒಂದೇ. ನೀವು ಮೂರು ದಿನ ಹೊಲದಲ್ಲಿ ನಿಂತು ತೆಗೆದ ವಿಡಿಯೋದ ಒಂದು ನೋಟಕ್ಕೂ, ಇನ್ನೊಬ್ಬನು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿಬಿದ್ದ ಒಂದು ನೋಟಕ್ಕೂ ಒಂದೇ ಬೆಲೆ. ದೇಶದಿಂದ ದೇಶಕ್ಕೆ ಮಾತ್ರ ಬೆಲೆ ಬೇರೆ. ದುಬೈನಲ್ಲಿಯೋ ಅಮೆರಿಕದಲ್ಲಿಯೋ ಇರುವ ಕನ್ನಡಿಗನು ನೋಡಿದ್ದು ಆ ದೇಶದ ರಾಶಿಗೆ ಸೇರುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ಇದು ತಿಳಿವಳಿಕೆಗಾಗಿ ಹಿಡಿದ ಅಂಕಿಯೇ ಹೊರತು ನಿಜವಾದ ದರವಲ್ಲ. ನಿಜವಾದ ದರ ತಿಂಗಳು ತಿಂಗಳಿಗೂ ಏರುತ್ತದೆ, ಇಳಿಯುತ್ತದೆ. ಒಂದು ತಿಂಗಳಲ್ಲಿ 10 ಕೋಟಿ ನೋಟಗಳಿಗೆ 10 ಲಕ್ಷ ರೂಪಾಯಿ ಜಾಹೀರಾತು ಹಣ ಬಂತೆನ್ನಿ. ಐದರಲ್ಲಿ ಒಂದು ಪಾಲು ನೋಟಗಳು ಒಂದೊಂದು ಹಾಡಿದ್ದ ವಿಡಿಯೋಗಳವು. ಆಗ ಹಾಡಿನವರಿಗೆ 1 ಲಕ್ಷ ಹೋಗಿ ರಾಶಿಯಲ್ಲಿ 9 ಲಕ್ಷ ಉಳಿಯಿತು. ನಿಮ್ಮ ವಿಡಿಯೋಗಳಿಗೆ 10 ಲಕ್ಷ ನೋಟ ಬಂದಿವೆ, ಅಂದರೆ ನೂರಕ್ಕೆ ಒಂದು. ನಿಮ್ಮ ಭಾಗ 9,000 ರೂಪಾಯಿ. ಅದರಲ್ಲಿ ನೂರಕ್ಕೆ 45 ಎಂದರೆ 4,050 ರೂಪಾಯಿ. ಹತ್ತು ಲಕ್ಷ ನೋಟಕ್ಕೆ ನಾಲ್ಕು ಸಾವಿರದ ಐವತ್ತು! ಸಾವಿರ ನೋಟಕ್ಕೆ ನಾಲ್ಕು ರೂಪಾಯಿ ಚಿಲ್ಲರೆ.

ನೋಟ ಎಂಬುದರಲ್ಲಿಯೂ ಎರಡು ಬಗೆ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಎಷ್ಟು ಸಲ ಆರಂಭವಾಯಿತೋ ಅಷ್ಟನ್ನೂ ನೋಟವೆಂದು ಮೇಲೆ ತೋರಿಸುತ್ತಾರೆ. ಸಂತೆಯಲ್ಲಿ ಅಂಗಡಿಯ ಮುಂದೆ ಹಾದುಹೋದವರನ್ನೆಲ್ಲ ಗಿರಾಕಿಗಳೆಂದು ಬರೆದುಕೊಂಡ ಹಾಗೆ! ಹಣದ ಲೆಕ್ಕಕ್ಕೆ ಹಿಡಿಯುವುದು ನಿಂತು ನೋಡಿದ ನೋಟಗಳನ್ನು ಮಾತ್ರ. ಆದ್ದರಿಂದ ಗೆಳೆಯನ ಫೋನಿನಲ್ಲಿ ಕಾಣುವ ದೊಡ್ಡ ಸಂಖ್ಯೆಯನ್ನು ನೋಡಿ ಅವನ ವರಮಾನವನ್ನು ಅಳೆಯಬಾರದು.

ಹೆಬ್ಬಾಗಿಲು

ಇಷ್ಟು ಹಣವಾದರೂ ಮೊದಲ ದಿನದಿಂದ ಬರುವುದಿಲ್ಲ. ಜಾಹೀರಾತಿನ ಪಾಲು ಪಡೆಯಬೇಕಾದರೆ ಚಾನೆಲ್‌ಗೆ 1,000 ಚಂದಾದಾರರು ಇರಬೇಕು. ಅದರ ಜೊತೆಗೆ ಕಳೆದ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ಸಾಚಾ ನೋಟಗಳು ಬಂದಿರಬೇಕು. ದಿನಕ್ಕೆ ಒಂದು ಲಕ್ಷ ಹನ್ನೊಂದು ಸಾವಿರ ನೋಟವಾಯಿತು. ಇದನ್ನು ದಾಟುವ ಮೊದಲು ಬಂದ ನೋಟಗಳಿಗೆ ಆಮೇಲೆ ಹಿಂಬಾಕಿ ಕೊಡುವುದಿಲ್ಲ. ಬೇರೆಯವರ ಸಿನಿಮಾ, ಧಾರಾವಾಹಿ ತುಣುಕುಗಳನ್ನು ಹಾಗೆಯೇ ಹಾಕಿದ್ದು, ಇನ್ನೊಬ್ಬರ ವಿಡಿಯೋವನ್ನು ಎತ್ತಿ ಹಾಕಿದ್ದು, ಯಂತ್ರದಿಂದ ಕೃತಕವಾಗಿ ಏರಿಸಿದ ನೋಟ, ಇವು ಯಾವುವೂ ಲೆಕ್ಕಕ್ಕಿಲ್ಲ.

ನನ್ನ ವೃತ್ತದ ಒಂದು ಹಳ್ಳಿಯ ಯಜಮಾನರೊಬ್ಬರು ಕಳೆದ ವರ್ಷ ಈ ವಿಷಯಕ್ಕೇ ನನ್ನನ್ನು ಮನೆಗೆ ಕರೆಸಿದ್ದರು. ಅವರಿಗೆ ಒಂದೂವರೆ ಎಕರೆ ತೆಂಗು, ಒಂದು ಎಕರೆ ರಾಗಿ ಹೊಲ, ಎರಡು ಹಸು. ಪಿ.ಯು.ಸಿ. ಮುಗಿಸಿದ ಮಗನು ಒಂದು ಹಸುವನ್ನು ಮಾರಿ ಒಳ್ಳೆಯ ಫೋನು, ಸ್ಟ್ಯಾಂಡು, ಮೈಕು ತರಬೇಕೆಂದು ಹಟ ಹಿಡಿದಿದ್ದನು. "ಸ್ವಾಮಿ, ನಾವು ಓದಿದೋರಲ್ಲ. ಅವನು ಹೇಳೋದು ಸುಳ್ಳು ಅಂತ ಹೇಳಕ್ಕೂ ಬರಲ್ಲ, ನಿಜ ಅನ್ನಕ್ಕೂ ಧೈರ್ಯ ಇಲ್ಲ. ನೀವೇ ಲೆಕ್ಕ ಹಾಕಿ ಹೇಳಿ" ಎಂದರು. ಹುಡುಗನು ಕಂಬಕ್ಕೆ ಒರಗಿ ಮುಖ ಬಿಗಿದು ನಿಂತಿದ್ದನು. ಬುದ್ಧಿ ಹೇಳಲು ಬಂದಿದ್ದಾರೆಂದು ಅವನ ಎಣಿಕೆ.

ಬುದ್ಧಿ ಹೇಳಲಿಲ್ಲ. ಮೇಲಿನ ಲೆಕ್ಕವನ್ನೇ ಅವನ ಕೈಯಲ್ಲಿ ಪುಸ್ತಕದಲ್ಲಿ ಬರೆಯಿಸಿ, ಪಕ್ಕದಲ್ಲಿ ಹಸುವಿನ ಲೆಕ್ಕವನ್ನೂ ಬರೆಯಿಸಿದೆನು. ಎರಡನೆಯ ಕರುವಿನ ಮಿಶ್ರತಳಿ ಹಸು, ದಿನಕ್ಕೆ 8 ಲೀಟರ್ ಹಾಲು. ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ ದಿನಕ್ಕೆ 280, ತಿಂಗಳಿಗೆ 8,400. ಹಿಂಡಿ, ಮೇವು, ಔಷಧಕ್ಕೆ ಅರ್ಧ ಕಳೆದರೆ ಉಳಿಯುವುದು 4,200. ಅಂದರೆ ನಾವು ಊಹೆಗೆ ಹಿಡಿದ ದರದಲ್ಲಿ ಒಂದು ಹಸುವಿಗೆ ಸಮನಾಗಬೇಕಾದರೆ, ಪ್ರತಿ ತಿಂಗಳೂ ತಪ್ಪದೆ ಹತ್ತು ಲಕ್ಷ ನೋಟ ಬೇಕು. ಅದೂ ಹೆಬ್ಬಾಗಿಲು ದಾಟಿದ ಮೇಲೆ. ಹಸುವಿಗೆ ಹೆಬ್ಬಾಗಿಲಿಲ್ಲ, ಹಾಕಿದ ಹಾಲಿಗೆ ಡೇರಿಯ ಬಟವಾಡೆ ಬಂದೇ ಬರುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಹಸುವೂ ವರ್ಷಕ್ಕೆ ಎರಡು ತಿಂಗಳು ಬತ್ತುತ್ತದೆ, ಕೆಚ್ಚಲು ಬಾವು ಬಂದರೆ ಕೈ ಕಚ್ಚುತ್ತದೆ. ಇದನ್ನೂ ಹುಡುಗನೇ ಎತ್ತಿ ಹೇಳಿದನು, ನಾನೂ ಒಪ್ಪಿ ಬರೆಯಿಸಿದೆನು. ಆದರೂ ಹಸು ಕಟ್ಟಿಯೇ ಇತ್ತು. ಅಕ್ಕನ ಹಳೆಯ ಫೋನು ಅವನ ಪಾಲಿಗೆ ಬಂತು.

ಉದ್ದ ವಿಡಿಯೋ ಯಾಕೆ ಮೇಲು

ಆ ಹೆಬ್ಬಾಗಿಲಿಗೆ ಪಕ್ಕದಲ್ಲಿ ಇನ್ನೊಂದು ಬಾಗಿಲುಂಟು. ಹೆಚ್ಚಿನ ತರುಣರು ಇದನ್ನು ಗಮನಿಸಿಲ್ಲ. 1,000 ಚಂದಾದಾರರ ಜೊತೆಗೆ ಒಂದು ಕೋಟಿ ನೋಟದ ಬದಲು, ಕಳೆದ ಹನ್ನೆರಡು ತಿಂಗಳಲ್ಲಿ ಜನರು ನಿಮ್ಮ ಉದ್ದ ವಿಡಿಯೋಗಳನ್ನು ಒಟ್ಟು 4,000 ಗಂಟೆ ನೋಡಿದ್ದರೂ ಸಾಕು. 4,000 ಗಂಟೆ ಎಂದರೆ 2,40,000 ನಿಮಿಷ. ಒಬ್ಬೊಬ್ಬರು ನಾಲ್ಕು ನಿಮಿಷ ಕುಳಿತು ನೋಡಿದರೆ 60,000 ನೋಟ. ಒಂದು ಕೋಟಿ ಎಲ್ಲಿ, ಅರವತ್ತು ಸಾವಿರ ಎಲ್ಲಿ! ಶಾರ್ಟ್ಸ್ ಸಾಲಿನಲ್ಲಿ ಹೆಬ್ಬೆರಳು ತಳ್ಳುತ್ತಾ ನೋಡಿದ ಹೊತ್ತು ಈ 4,000 ಗಂಟೆಗೆ ಸೇರುವುದಿಲ್ಲವೆಂಬುದನ್ನು ಮರೆಯಬಾರದು. ಉದ್ದ ವಿಡಿಯೋದ ಜಾಹೀರಾತಿನಲ್ಲಿ ಪಾಲು ಕೂಡ ಹೆಚ್ಚು, ನೂರಕ್ಕೆ 55 ಮಾಡಿದವನಿಗೆ.

ಹಳ್ಳಿಯಿಂದ ಹೊರಟು ದೊಡ್ಡ ಹೆಸರು ಮಾಡಿದವರ ದಾರಿಯೂ ಹೆಚ್ಚಾಗಿ ಇದೇ. ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ ಒಂದು ಕುಟುಂಬದ ಅಜ್ಜ ಮೊಮ್ಮಕ್ಕಳು ಬಯಲಿನಲ್ಲಿ ಒಲೆ ಹೂಡಿ ಅಡಿಗೆ ಮಾಡುವುದನ್ನು ತೋರಿಸುವ 'ವಿಲೇಜ್ ಕುಕಿಂಗ್ ಚಾನೆಲ್' ಅನ್ನು 2018ರಲ್ಲಿ ಆರಂಭಿಸಿದರು. 2021ರಲ್ಲಿ ಅವರ ಚಂದಾದಾರರು ಒಂದು ಕೋಟಿ ಮುಟ್ಟಿದರು. ಛತ್ತೀಸ್‌ಗಢದಲ್ಲಿ ರಾಯಪುರದ ಸಮೀಪದ ತುಲಸಿ ಎಂಬ ಗ್ರಾಮವನ್ನು ಯೂಟ್ಯೂಬಿನ ಊರೆಂದೇ ಕರೆಯುತ್ತಾರೆ. ಅಲ್ಲಿಯೂ ಕೆಲಸ ಶುರುವಾದದ್ದು 2018ರಲ್ಲಿ. ವಯಸ್ಸಾದ ಅಜ್ಜಿಯರಿಂದ ಹಿಡಿದು ಮಕ್ಕಳವರೆಗೆ ಊರಿನವರೇ ಪಾತ್ರಧಾರಿಗಳು. 2023ರಲ್ಲಿ ಸರ್ಕಾರದ ವತಿಯಿಂದ ಅಲ್ಲೊಂದು ಸ್ಟುಡಿಯೋ ಕೂಡ ಆಯಿತು. ಎರಡು ಕಡೆಯೂ ಒಬ್ಬ ಹುಡುಗನು ಕೋಣೆಯಲ್ಲಿ ಕುಳಿತು ಮಾಡಿದ ಕೆಲಸವಲ್ಲ. ಒಂದು ಮನೆಯೋ ಒಂದು ಊರೋ ಕೂಡಿ ವರ್ಷಗಟ್ಟಲೆ ದುಡಿದದ್ದು. ನಮ್ಮ ಯುವಕ ಮಂಡಲಗಳಲ್ಲಿ ನಾಟಕವಾಡುವವರು, ಹಾಡುವವರು, ಚಿತ್ರ ಬರೆಯುವವರು ಇಲ್ಲವೇ? ಒಬ್ಬೊಬ್ಬರಿಗೊಂದು ಚಾನೆಲ್ ಎಂದು ಹಂಚಿಹೋಗುವುದಕ್ಕಿಂತ ಮಂಡಲಕ್ಕೊಂದು ಚಾನೆಲ್ ಇಟ್ಟುಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಪಾಲಿನ ಕರಾರನ್ನು ಮಾತ್ರ ಮೊದಲೇ ನಡವಳಿ ಪುಸ್ತಕದಲ್ಲಿ ಬರೆದಿಡಬೇಕು. ಹಣ ಬರದಿದ್ದಾಗ ಯಾರೂ ಜಗಳವಾಡುವುದಿಲ್ಲ.

ಹಾಗಾದರೆ ಕಿರು ವಿಡಿಯೋ ಬೇಡವೇ ಎಂದರೆ, ಬೇಕು. ಸಂತೆಯಲ್ಲಿ ತಮಟೆ ಹೊಡೆದು ಕರೆಯುವ ಕೆಲಸ ಅದರದು. ಜನರನ್ನು ಉದ್ದ ವಿಡಿಯೋಕ್ಕೋ ನಿಮ್ಮ ಮಾಲಿಗೋ ಕರೆತರುವುದಕ್ಕೆ ಅದರಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ.

ನಮ್ಮ ಮಾಲು, ನಮ್ಮ ವಿಡಿಯೋ

ಸ್ವಸಹಾಯ ಸಂಘವೊಂದರ ತಾಯಂದಿರು ರಾಗಿ ಹುರಿಹಿಟ್ಟು ಮಾಡಿ ಮಾರುತ್ತಾರೆ. ಬಾಣಲೆಯಲ್ಲಿ ರಾಗಿ ಅರಳುವುದನ್ನು ನಲವತ್ತು ಸೆಕೆಂಡು ತೆಗೆದು ಹಾಕಿದರು. ಹಾಡಿಲ್ಲ, ಕುಣಿತವಿಲ್ಲ, ರಾಗಿ ಚಟಪಟ ಎನ್ನುವ ಸದ್ದೊಂದೇ. ನೋಡಿದವರು ಸಾವಿರದಷ್ಟು ಮಂದಿ. ಜಾಹೀರಾತಿನ ಲೆಕ್ಕದಲ್ಲಿ ಇದಕ್ಕೆ ನಾಲ್ಕು ರೂಪಾಯಿಯೂ ದಕ್ಕದು. ಆದರೆ ಆ ಸಾವಿರದಲ್ಲಿ ಹನ್ನೆರಡು ಮಂದಿ, ತುಮಕೂರು ಬೆಂಗಳೂರಿನವರು, ಎರಡೆರಡು ಕೆ.ಜಿ. ಕೇಳಿದರು. ಕೆ.ಜಿ.ಗೆ 60 ರೂಪಾಯಿ ಉಳಿದರೂ 1,440 ರೂಪಾಯಿ ಸಂಘದ ಪೆಟ್ಟಿಗೆಗೆ ಬಿತ್ತು. ನೋಟ ಸಾವಿರವೇ, ಕೋಟಿಯಲ್ಲ. ಕಿರು ವಿಡಿಯೋದಿಂದ ಹಳ್ಳಿಯವರು ಗಳಿಸಬಹುದಾದ ಹಣ ಇರುವುದು ಹೆಚ್ಚಾಗಿ ಇಲ್ಲಿಯೇ. ಕೊಬ್ಬರಿ, ಕೊಬ್ಬರಿ ಎಣ್ಣೆ, ಜೇನು, ಹುಣಸೆ, ನಾಟಿಕೋಳಿ, ಕುರಿ, ಅಡಿಕೆ ಹಾಳೆಯ ತಟ್ಟೆ, ಸಸಿ ಮಡಿಯ ಸಸಿ, ಟ್ರ್ಯಾಕ್ಟರ್ ಬಾಡಿಗೆ, ಮರ ಹತ್ತುವ ಕೂಲಿ ಕೂಡ ಹೀಗೆ ಗಿರಾಕಿ ಹುಡುಕಿಕೊಳ್ಳಬಲ್ಲವು. ತಿನ್ನುವ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿಯನ್ನು ಮಾಡಿಸಿಕೊಂಡಿರತಕ್ಕದ್ದು. ಪೊಟ್ಟಣದ ಮೇಲೆ ತಯಾರಾದ ದಿನಾಂಕ ಬರೆಯತಕ್ಕದ್ದು.

ವಿಡಿಯೋ ತೆಗೆಯುವ ಕ್ರಮವನ್ನೂ ಸ್ವಲ್ಪ ಹೇಳುತ್ತೇನೆ. ತೆಂಗಿನ ಕಪ್ಪು ತಲೆ ಹುಳುವಿನ ವಿಷಯವೇ ಇರಲಿ, ನಮ್ಮ ಕಡೆ ಎಲ್ಲರಿಗೂ ಕಾಡುವ ಪೀಡೆ. ಮೊದಲ ಮೂರು ಸೆಕೆಂಡಿನಲ್ಲಿ ನಿಮ್ಮ ಮುಖ ಬೇಡ, "ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ" ಎಂಬ ಮಾತೂ ಬೇಡ. ಒಣಗಿ ಸುಟ್ಟಂತಾದ ಗರಿಯನ್ನು ತೋರಿಸಿ. ಅದನ್ನು ತಿರುವಿ ಅಡಿಭಾಗದ ಬಲೆ, ಹಿಕ್ಕೆ, ಒಳಗಿನ ಹುಳುವನ್ನು ತೋರಿಸಿ. ಈ ಹುಳುವನ್ನು ಕೊಲ್ಲುವ ಗೋನಿಯೋಜಸ್ ಎಂಬ ಪರೋಪಜೀವಿಯನ್ನು ಪ್ರಯೋಗಾಲಯಗಳಲ್ಲಿ ಬೆಳೆಸಿ ತೋಟಕ್ಕೆ ಬಿಡುತ್ತಾರೆ. ಬಿಡುವ ದಿನ ಸಿಕ್ಕಿದರೆ ಅದನ್ನು ತಪ್ಪದೆ ತೆಗೆಯಿರಿ. ಬೆಳಗಿನ ಹೊತ್ತು, ಸೂರ್ಯ ತೆಗೆಯುವವನ ಬೆನ್ನಿಗಿರಬೇಕು. ಗಾಳಿ ಬೀಸುತ್ತಿದ್ದರೆ ಮಾತನ್ನು ಮನೆಗೆ ಬಂದು ಸೇರಿಸುವುದು ಒಳ್ಳೆಯದು. ಮಾತು ನಮ್ಮ ಊರಿನ ಮಾತೇ ಆಗಿರಲಿ. ಟಿ.ವಿ.ಯವರ ಕನ್ನಡವನ್ನು ಅನುಕರಿಸಿದರೆ ನೋಡುವವರಿಗೆ ಬೇಸರ, ಆಡುವವರಿಗೆ ಆಯಾಸ. ಊರು, ತಿಂಗಳು, ಬೆಳೆಯ ವಯಸ್ಸು ಹೇಳಿ. ಕೀಟನಾಶಕದ ಹೆಸರನ್ನೂ ಪ್ರಮಾಣವನ್ನೂ ಮಾತ್ರ ಕೇಳಿದ್ದು ನೋಡಿದ್ದರ ಮೇಲೆ ಹೇಳಬೇಡಿ. ರೈತ ಸಂಪರ್ಕ ಕೇಂದ್ರದಲ್ಲಿಯೋ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ಕೇಳಿ ಖಚಿತಪಡಿಸಿಕೊಳ್ಳಿ. ಲೀಟರಿಗೆ 2 ಮಿ.ಲೀ. ಎನ್ನುವಲ್ಲಿ ಬಾಯಿ ತಪ್ಪಿ 20 ಎಂದರೆ, ಆ ಮಾತು ನಿಮ್ಮ ತೋಟದಲ್ಲಿ ನಿಲ್ಲುವುದಿಲ್ಲ.

ಹಸು ಉಳಿಸಿಕೊಂಡ ಮನೆಯ ಆ ಹುಡುಗನು ಈಗ ದನ ಸಾಕಣೆಯ ವಿಷಯವಾಗಿಯೇ ಚಾನೆಲ್ ನಡೆಸುತ್ತಿದ್ದಾನೆ. ಪಶುವೈದ್ಯರು ಮನೆಗೆ ಬಂದಾಗ ಅವರ ಒಪ್ಪಿಗೆ ಪಡೆದು ಕೆಚ್ಚಲು ಬಾವಿನ ಪರೀಕ್ಷೆಯನ್ನು ಒಂಬತ್ತು ನಿಮಿಷ ತೆಗೆದು ಹಾಕಿದ್ದಾನೆ. ಅದನ್ನು ಜನರು ಕೊನೆಯವರೆಗೆ ನೋಡುತ್ತಾರೆ. ಯೂಟ್ಯೂಬಿನಿಂದ ಅವನಿಗೆ ಇದುವರೆಗೆ ಒಂದು ಕಾಸೂ ಬಂದಿಲ್ಲ. ಸಾವಿರ ಚಂದಾದಾರರು ಇನ್ನೂ ಆಗಿಲ್ಲ. ಆದರೆ ಮೇವಿನ ಕಡ್ಡಿಯನ್ನು ನಾಟಿಗೆ ಕೇಳಿಕೊಂಡು ಪಕ್ಕದ ತಾಲ್ಲೂಕಿನಿಂದ ಜನ ಬರುತ್ತಿದ್ದಾರೆ.

ಕಂಪನಿಯವರು ಬಂದಾಗ

ಚಾನೆಲ್ ಸ್ವಲ್ಪ ಬೆಳೆದರೆ ಕಂಪನಿಯವರೇ ಹುಡುಕಿಕೊಂಡು ಬರುತ್ತಾರೆ. ನಮ್ಮ ಟಾನಿಕ್ ಹಾಕಿ ಎಕರೆಗೆ ಐದು ಕ್ವಿಂಟಾಲ್ ಹೆಚ್ಚು ಬಂತೆಂದು ಹೇಳಿ, ಹತ್ತು ಸಾವಿರ ಕೊಡುತ್ತೇವೆ ಎನ್ನುತ್ತಾರೆ. ಜಾಹೀರಾತಿನ ಪಾಲಿಗಿಂತ ಇದು ದೊಡ್ಡ ಹಣವೆಂಬುದು ನಿಜ, ನ್ಯಾಯವಾಗಿ ಮಾಡಿದರೆ ತಪ್ಪೂ ಅಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹಣವನ್ನೋ ಉಚಿತ ಮಾಲನ್ನೋ ಪಡೆದು ಹೊಗಳುವವರು ಅದು ಜಾಹೀರಾತು ಎಂದು ನೋಡುವವರಿಗೆ ಸ್ಪಷ್ಟವಾಗಿ, ವಿಡಿಯೋದ ಭಾಷೆಯಲ್ಲಿಯೇ ತಿಳಿಸಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವುಂಟು. ದಂಡ ಕಂಪನಿಗೆ ಮಾತ್ರವಲ್ಲ, ಹೊಗಳಿದವನಿಗೂ ಅನ್ವಯಿಸುತ್ತದೆ. ದಂಡದ ಮಾತು ಹಾಗಿರಲಿ. ನಿಮ್ಮ ಮಾತು ನಂಬಿ ಟಾನಿಕ್ ಸುರಿದ ರೈತನು ಹೆಚ್ಚಾಗಿ ನಿಮ್ಮದೇ ಹೋಬಳಿಯವನು. ನೀವು ಒಂದು ಬೆಳೆಯಲ್ಲಿ ಹಾಕಿ, ಹಾಕದ ಮಡಿಯ ಜೊತೆ ಹೋಲಿಸಿ ನೋಡದ ಯಾವ ಮಾಲನ್ನೂ ಹೊಗಳಬೇಡಿ.

ಹಣ ಕಟ್ಟಿ ಆಡುವ ಆಟದ ಆ್ಯಪ್‌ಗಳವರು ಎಲ್ಲರಿಗಿಂತ ಹೆಚ್ಚು ಕೊಡಲು ಬರುತ್ತಾರೆ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಅಂತಹ ಆಟಗಳ ಜಾಹೀರಾತಿಗೂ ಸೆರೆವಾಸ, ದಂಡಗಳನ್ನು ವಿಧಿಸಿದೆ. ಅವರ ಫೋನನ್ನು ಎತ್ತಲೇಬೇಡಿ.

ಕಾಗದ ಪತ್ರ

ಹೆಬ್ಬಾಗಿಲು ದಾಟಿದವರಿಗೆ ಮಾತ್ರ ಇದು ಬೇಕು, ಆದರೂ ತಿಳಿದಿರಲಿ. ಹಣ ಬರುವುದು ಗೂಗಲ್‌ನ ಆ್ಯಡ್‌ಸೆನ್ಸ್ ಎಂಬ ಖಾತೆಯ ಮೂಲಕ. ಖಾತೆದಾರನಿಗೆ 18 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರಾದರೆ ತಂದೆ ತಾಯಿಯರ ಹೆಸರಿನ ಖಾತೆಗೆ ಜೋಡಿಸಬೇಕು. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸದ ಪರೀಕ್ಷೆಗಾಗಿ ಅಂಚೆಯಲ್ಲಿ ಒಂದು ಸಣ್ಣ ಕಾಗದ ಬರುತ್ತದೆ, ಒಳಗೆ ಆರು ಅಂಕಿಯ ಪಿನ್. ನಾಲ್ಕು ತಿಂಗಳೊಳಗೆ ಅದನ್ನು ತುಂಬದಿದ್ದರೆ ಹಣ ಬರುವುದು ನಿಲ್ಲುತ್ತದೆ. ನಮ್ಮ ಹಳ್ಳಿಗಳ ವಿಳಾಸ "ಮಾರಮ್ಮನ ಗುಡಿ ಹಿಂದೆ" ಎಂಬ ಬಗೆಯದು. ಆದ್ದರಿಂದ ಅಂಚೆ ಕಚೇರಿ, ಹೋಬಳಿ, ಪಿನ್‌ಕೋಡ್ ಸರಿಯಾಗಿ ಬರೆದು, ಅಂಚೆಯಣ್ಣನಿಗೂ ಮೊದಲೇ ಹೇಳಿಟ್ಟಿರಿ. ಖಾತೆಯ ಹೆಸರು ಬ್ಯಾಂಕ್ ಪುಸ್ತಕದ ಹೆಸರಿಗೆ ಹೊಂದಿರಬೇಕು. ಹೊರದೇಶದ ಹಣ ಪಡೆಯಲು ಬೇಕಾದ ಸ್ವಿಫ್ಟ್ ಕೋಡ್ ನಿಮ್ಮ ಶಾಖೆಗೆ ಇಲ್ಲದಿದ್ದರೆ ಯಾವುದನ್ನು ಬರೆಯಬೇಕೆಂದು ಮ್ಯಾನೇಜರನ್ನು ಕೇಳಿ. ಡಾಲರ್ ಲೆಕ್ಕದ ಖಾತೆಯಲ್ಲಿ 100 ಡಾಲರ್ ಕೂಡುವ ತನಕ ಹಣ ಕಳುಹಿಸುವುದಿಲ್ಲ. ಕೂಡಿದರೆ ಮುಂದಿನ ತಿಂಗಳ 21ರಿಂದ 26ರೊಳಗೆ ಕಳುಹಿಸುತ್ತಾರೆ.

ಅಮೆರಿಕದ ತೆರಿಗೆಯ ಫಾರಂ ಒಂದನ್ನು ಪ್ಯಾನ್ ಸಂಖ್ಯೆ ಕೊಟ್ಟು ತುಂಬಬೇಕು. ತುಂಬಿದರೆ ಆ ದೇಶದ ನೋಡುಗರಿಂದ ಬಂದ ಹಣದಲ್ಲಿ ಮಾತ್ರ ನೂರಕ್ಕೆ 15 ಹಿಡಿಯುತ್ತಾರೆ. ಸೋಮಾರಿತನದಿಂದ ಬಿಟ್ಟರೆ ಒಟ್ಟು ಗಳಿಕೆಯಲ್ಲಿಯೇ ನೂರಕ್ಕೆ 24ರವರೆಗೆ ಹೋಗಬಹುದು. ನಮ್ಮ ದೇಶದ ಆದಾಯ ತೆರಿಗೆಯ ಲೆಕ್ಕದಲ್ಲಿ ಈ ಹಣವನ್ನು ತೋರಿಸಬೇಕು. ಹೊಲದಲ್ಲಿ ನಿಂತು ತೆಗೆದ ವಿಡಿಯೋ ಆದ ಮಾತ್ರಕ್ಕೆ ಇದು ಕೃಷಿ ಆದಾಯವಾಗುವುದಿಲ್ಲ.

ಮೋಸದ ವಿಚಾರ

ವಿಡಿಯೋ ಮಾಡುವುದು ಬೇರೆ, ವಿಡಿಯೋಕ್ಕೆ ಲೈಕ್ ಒತ್ತಿ ಹಣ ಗಳಿಸಿ ಎಂಬುದು ಬೇರೆ. ಎರಡನೆಯದು ಪೂರ್ತಿ ಮೋಸ. 2023ರಲ್ಲಿ ದೇಶದಾದ್ಯಂತ ಸಾವಿರಾರು ಜನರು ಇದಕ್ಕೆ ಬಿದ್ದರು, ಈಗಲೂ ಬೀಳುತ್ತಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಬರುತ್ತದೆ: ಒಂದು ಲೈಕಿಗೆ 50 ರೂಪಾಯಿ. ಮೊದಲು 150 ರೂಪಾಯಿ ನಿಜವಾಗಿಯೂ ಖಾತೆಗೆ ಹಾಕುತ್ತಾರೆ. ಇದೇ ಗಾಳದ ಎರೆ. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ, ಸಾವಿರ ಕಟ್ಟಿದರೆ ಸಾವಿರದ ಮುನ್ನೂರು ಎನ್ನುತ್ತಾರೆ; ಅದನ್ನೂ ಕೊಟ್ಟು ನಂಬಿಸಿ, ಕೊನೆಗೆ ಐವತ್ತು ಸಾವಿರ ಕಟ್ಟಿಸಿಕೊಂಡು ಮಾಯವಾಗುತ್ತಾರೆ. ಸಂಘದ ಸಾಲದ ಹಣವನ್ನು ಹೀಗೆ ಕಟ್ಟಿದ ಒಬ್ಬ ತಾಯಿ, ಗಂಡನಿಗೆ ಹೇಳಲಾರದೆ ಮೂರು ವಾರ ಒಬ್ಬರೇ ನುಂಗಿಕೊಂಡಿದ್ದರು. ಆ ಮೂರು ವಾರದಲ್ಲಿ ಹಣ ಎಷ್ಟು ಖಾತೆ ದಾಟಿತೋ!

ಸಾವಿರ ಚಂದಾದಾರರನ್ನು ಐನೂರು ರೂಪಾಯಿಗೆ ಕೊಡಿಸುತ್ತೇವೆ ಎನ್ನುವವರೂ ಉಂಟು. ಕೊಂಡ ಚಂದಾದಾರರನ್ನು ಯೂಟ್ಯೂಬ್ ಪತ್ತೆ ಹಚ್ಚಿ ತೆಗೆದುಹಾಕುತ್ತದೆ, ಚಾನೆಲ್ ಅನ್ನೇ ಮುಚ್ಚಲೂಬಹುದು. ಕೆರೆಯ ಕೋಡಿಯ ಮೇಲೆ, ರೈಲು ಹಳಿಯ ಮೇಲೆ, ಕೃಷಿಹೊಂಡದ ಅಂಚಿನಲ್ಲಿ ನಿಂತು ತೆಗೆಯುವ ವಿಡಿಯೋಗಳ ಮಾತನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಜಾರಿದವನಿಗೆ ಹಿಡಿಯಲು ಏನೂ ಸಿಕ್ಕದು ಎಂಬುದು ನಿಮಗೇ ಗೊತ್ತು.

ಹಣ ಹೋಯಿತೆಂದು ತಿಳಿದ ಕೂಡಲೇ, ಅದೇ ಗಳಿಗೆಯಲ್ಲಿ, 1930 ಸಂಖ್ಯೆಗೆ ಫೋನು ಮಾಡಬೇಕು. ಇದು ಸೈಬರ್ ವಂಚನೆಯ ದೂರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದರೆ ಹಣವು ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಸಂಭವವುಂಟು. ಹಣ ಕಳುಹಿಸಿದ ಸಮಯ, ವ್ಯವಹಾರದ ಸಂಖ್ಯೆ, ಬಂದ ಸಂದೇಶಗಳು ಇವನ್ನು ಅಳಿಸದೆ ಇಟ್ಟುಕೊಳ್ಳಿ. ಫೋನು ಮಾಡಲು ಸಂಕೋಚವಾದವರು ನನ್ನನ್ನಾಗಲಿ, ಪಂಚಾಯಿತಿಯ ಗ್ರಂಥಾಲಯದವರನ್ನಾಗಲಿ ಜೊತೆಗೆ ಕೂರಿಸಿಕೊಂಡು ಮಾಡಬಹುದು. ಮನೆಯವರಿಗೆ ಹೇಳುವುದನ್ನು ಆಮೇಲೆ ನೋಡಿಕೊಳ್ಳೋಣ.